ಪೊಟ್ಟಣದ ಬೆನ್ನ ಮೇಲಿನ ಬರಹ



ಈ ಸಂಚಿಕೆಯ ಅಂಕಣದಲ್ಲಿ ನಮ್ಮ ಸಂಘದ ನಾಟಕ ವಿಭಾಗದ ವಿಚಾರ ಬರೆಯುವೆನೆಂದು ಸಂಪಾದಕರಿಗೆ ಮಾತು ಕೊಟ್ಟಿದ್ದೆ. ಆ ಮಾತಿಗೆ ತಪ್ಪಿದ್ದೇನೆ. ಕಾರಣ ಒಂದು ಕಾಗದ. ನಮ್ಮ ಕಚೇರಿಯಲ್ಲಿ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ನಡೆಯುವುದುಂಟು. ಇಷ್ಟು ವರ್ಷ ನಾನು ಅದಕ್ಕೆ ಏನಾದರೊಂದು ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಈ ಸಲ ನಮ್ಮ ಸೂಪರಿಂಟೆಂಡೆಂಟರು ಎದುರಿಗೇ ನಿಂತು ಹೆಸರು ಕರೆದರು. ತೋಳು ಮಡಚಿ ಕೊಡಲೇಬೇಕಾಯಿತು. ನಾಲ್ಕು ದಿನಗಳ ಮೇಲೆ ವರದಿ ಬಂದಿತು. ಮೂರು ತಿಂಗಳ ರಕ್ತದ ಸಕ್ಕರೆಯ ಸರಾಸರಿಯನ್ನು ತೋರಿಸುವ ಒಂದು ಅಂಕಿ ಅದರಲ್ಲಿ ಇರುತ್ತದೆಯಷ್ಟೆ; ನನ್ನದು 6.1. 5.7ರ ಕೆಳಗಿದ್ದರೆ ನಿಶ್ಚಿಂತೆ, 6.5 ಮುಟ್ಟಿದರೆ ಮಧುಮೇಹ. ನಾನಿರುವುದು ನಡುವೆ, ಅಂದರೆ ಹೊಸ್ತಿಲ ಮೇಲೆ.

ನನಗೆ ಈಗ ಮೂವತ್ತಾರು ವರ್ಷ. ನಮ್ಮ ತಂದೆಯವರಿಗೆ ಸಕ್ಕರೆ ರೋಗ ಬಂದದ್ದು ನಿವೃತ್ತಿ ಸಮೀಪಿಸಿದಾಗ. ಅವರು ಪಡೆದ ಬಡ್ತಿಗಳಿಗೆಲ್ಲ ನಾನಿನ್ನೂ ಕಾಯುತ್ತಲೇ ಇದ್ದೇನೆ. ಇದೊಂದು ಮಾತ್ರ ಇಪ್ಪತ್ತು ವರ್ಷ ಮುಂಚಿತವಾಗಿ ಬಾಗಿಲಿಗೆ ಬಂದು ನಿಂತಿದೆ.

ಡಾಕ್ಟರರು ಸೌಮ್ಯ ಸ್ವಭಾವದವರು. ಹೆದರಿಸಲಿಲ್ಲ, ಔಷಧವನ್ನೂ ಬರೆಯಲಿಲ್ಲ. "ದಿನಾ ಏನು ತಿನ್ನುತ್ತೀರಿ?" ಎಂದು ಕೇಳಿದರು. "ಮನೆಯ ಊಟ, ಡಬ್ಬಿ ಕಟ್ಟಿಕೊಂಡು ಬರುತ್ತೇನೆ" ಎಂದು ನಾನು ಎದೆಯುಬ್ಬಿಸಿ ಹೇಳಿದೆ. "ಸರಿ, ಒಂದು ವಾರ ಬಾಯಿಗೆ ಹಾಕಿದ್ದನ್ನೆಲ್ಲ ಬರೆದಿಟ್ಟು ತನ್ನಿ. ಮೂರು ತಿಂಗಳ ನಂತರ ಇನ್ನೊಮ್ಮೆ ರಕ್ತ ನೋಡೋಣ" ಎಂದರು. ಬರೆಯುವುದೇ ನಮ್ಮ ಕಸುಬು. ಹಾಳೆಗೆ ಗೆರೆ ಎಳೆದು ತಾರೀಖು, ವೇಳೆ, ಪದಾರ್ಥ, ಷರಾ ಎಂದು ನಾಲ್ಕು ಅಂಕಣ ಮಾಡಿ ಶುರು ಮಾಡಿದೆ.

ಮೂರನೆಯ ದಿನಕ್ಕೇ ನನಗೆ ನಾಚಿಕೆಯಾಗತೊಡಗಿತು. ಬೆಳಗಿನ ಆರಕ್ಕೆ ಚಹಾ, ಅದರಲ್ಲಿ ಅದ್ದಲು ಎರಡು ಟೋಸ್ಟು. ಏಳೂ ಮೂವತ್ತೆರಡರ ಲೋಕಲ್ಲಿಗೆ ಓಡುವ ಗಡಿಬಿಡಿಯಲ್ಲಿ ಒಂದು ಬ್ರೆಡ್ಡಿನ ಚೂರಿಗೆ ಜ್ಯಾಮು. ಹನ್ನೊಂದಕ್ಕೆ ಕಚೇರಿಯ ಚಹಾ, ನಾಲ್ಕು ಬಿಸ್ಕೀಟು. ಒಂದಕ್ಕೆ ಡಬ್ಬಿ, ಇದು ನಿಜವಾಗಿಯೂ ಮನೆಯದೇ, ಚಪಾತಿ ಪಲ್ಯ. ನಾಲ್ಕಕ್ಕೆ ಮತ್ತೆ ಚಹಾ, ಮತ್ತೆ ನಾಲ್ಕು ಬಿಸ್ಕೀಟು. ಯಾರದಾದರೂ ಹುಟ್ಟುಹಬ್ಬವಿದ್ದರೆ ಪೊಟ್ಟಣದ ಫರಸಾಣ. ಡೊಂಬಿವಲಿಯಲ್ಲಿ ಇಳಿದಾಗ ಹಸಿವು ತಡೆಯದಿದ್ದರೆ ಒಂದು ವಡಾಪಾವು. ಮನೆಗೆ ಬಂದೊಡನೆ ಮತ್ತೊಂದು ಚಹಾ. ರಾತ್ರಿ ಅನ್ನ, ಸಾರು, ಅಂಗಡಿಯ ಹಪ್ಪಳ. ದಿನಕ್ಕೆ ಏಳು ಸಲ ಬಾಯಾಡಿಸಿದರೆ ಅದರಲ್ಲಿ 'ಮನೆಯ ಊಟ' ಎರಡೇ ಎರಡು! ನಾನು ಡಾಕ್ಟರರ ಎದುರಿಗೆ ಸುಳ್ಳು ಹೇಳಿರಲಿಲ್ಲ. ಡಬ್ಬಿಯ ಆಚೆಗೆ ತಿಂದದ್ದನ್ನು ಊಟವೆಂದು ಎಣಿಸಿಯೇ ಇರಲಿಲ್ಲ, ಅಷ್ಟೆ.

ಹನ್ನೆರಡು ವರ್ಷಗಳಿಂದ ನಾನು ಸುತ್ತೋಲೆಗಳ ಅಡಿಟಿಪ್ಪಣಿ ಓದಿ ಸಂಬಳ ಪಡೆಯುತ್ತಿರುವವನು. ಯಾವ ನಿಯಮದ ಯಾವ ಪರಂತುಕದಲ್ಲಿ ಯಾರ ಅರ್ಜಿ ತಿರಸ್ಕರಿಸಬಹುದೆಂದು ನಿದ್ದೆಯಲ್ಲಿಯೂ ಹೇಳಬಲ್ಲೆ. ಅಂಥವನು ದಿನಾ ಕೈಯಲ್ಲಿ ಹಿಡಿಯುವ ಬಿಸ್ಕೀಟಿನ ಪೊಟ್ಟಣವನ್ನು ಒಂದು ದಿನವಾದರೂ ತಿರುವಿ ನೋಡಿದ್ದಿಲ್ಲ. ಆ ವಾರ ನೋಡಿದೆ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಓದಬೇಕಾದಷ್ಟು ಸಣ್ಣ ಅಕ್ಷರ. ಕಾಯದೆಯ ಪ್ರಕಾರ ಅಲ್ಲಿ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಬರೆದರೆ ಸಾಕು. ಬೇರೆ ಭಾಷೆ ಕಂಪನಿಯ ಖುಷಿ. ನಮ್ಮ ಅವ್ವನಂತೆ ಕನ್ನಡ ಮಾತ್ರ ಓದಬಲ್ಲವರಿಗೆ ಆ ಪೊಟ್ಟಣ ಹೇಳುವುದು ಒಂದೇ ಸಂಗತಿ: ಹಸಿರು ಚುಕ್ಕಿ ಇದೆ, ಆದುದರಿಂದ ತಿನ್ನಬಹುದು. ಅದು ಸಸ್ಯಾಹಾರವೆಂಬುದರ ಗುರುತೇ ಹೊರತು ಆರೋಗ್ಯದ ಸರ್ಟಿಫಿಕೇಟಲ್ಲ ಎಂದು ಎಷ್ಟು ತಿಳಿಸಿ ಹೇಳಿದರೂ ಅವ್ವನಿಗೆ ಹಸಿರು ಹಸಿರೇ.

ಮೊದಲು ನನ್ನನ್ನು ಹೆದರಿಸಿದ್ದು ಅಲ್ಲಿದ್ದ ಅಂಕಿಗಳು. 322, 500, 503, 330: ಕಡತದ ನಂಬರುಗಳಂತೆ ಸಾಲಾಗಿ ನಿಂತಿದ್ದವು. ರಾತ್ರಿ ಕುಳಿತು ಒಂದೊಂದನ್ನೇ ಹುಡುಕಿ ನೋಡಿದೆ. 500 ಎಂದರೆ ಅಡಿಗೆ ಸೋಡಾದ ಜಾತಿ. ಅದನ್ನು ಅವ್ವ ಬಜ್ಜಿಯ ಹಿಟ್ಟಿಗೆ ಹಾಕುತ್ತಾಳೆ. 330 ಎಂದರೆ ನಿಂಬೆಹಣ್ಣಿನಲ್ಲಿರುವ ಹುಳಿಯೇ. 322 ಸೋಯಾ ಮೊದಲಾದುವುಗಳಿಂದ ತೆಗೆಯುವ, ಎಣ್ಣೆ ನೀರು ಕೂಡಿಕೊಂಡಿರುವಂತೆ ಮಾಡುವ ವಸ್ತು. ಇನ್ನೊಂದು ಪೊಟ್ಟಣದ ಮೇಲಿದ್ದ 300 ಎಂಬುದು ಸಾಕ್ಷಾತ್ 'ಸಿ' ಜೀವಸತ್ವ! ನಂಬರಿದ್ದುದೆಲ್ಲ ವಿಷವೆಂದು ಮೊಬೈಲಿನಲ್ಲಿ ಬರುವ ಸಂದೇಶಗಳನ್ನು ನಾನೂ ನಾಲ್ಕು ಜನಕ್ಕೆ ಕಳುಹಿಸಿದವನೇ. ಈಗ ಆ ಪಾಪವನ್ನು ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ.

ನಿಜವಾದ ಸಮಾಚಾರ ಇದ್ದದ್ದು ಆ ಅಂಕಿಗಳಲ್ಲಿ ಅಲ್ಲ; ಯಾದಿಯ ಮೊದಲ ಮೂರು ಮಾತುಗಳಲ್ಲಿ. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂದು ನಿಯಮವಿದೆ: ಹೆಚ್ಚಿಗೆ ಇರುವುದು ಮೊದಲು, ಕಡಿಮೆಯದು ಕೊನೆಗೆ. ನಮ್ಮ ಕಚೇರಿಯ ಬಿಸ್ಕೀಟಿನಲ್ಲಿ ಮೊದಲನೆಯದು ಮೈದಾ, ಎರಡನೆಯದು ಸಕ್ಕರೆ, ಮೂರನೆಯದು ತಾಳೆ ಎಣ್ಣೆ. ಉಳಿದ ಹತ್ತು ಹನ್ನೆರಡು ಹೆಸರುಗಳು ಈ ಮೂವರ ಮೆರವಣಿಗೆಯಲ್ಲಿ ಪಂಜು ಹಿಡಿದವರು. ಇನ್ನೊಂದು ಜಾಣತನವೂ ಉಂಟು. ಸಕ್ಕರೆಯನ್ನು ಒಂದೇ ಹೆಸರಿನಲ್ಲಿ ಬರೆದರೆ ಅದು ತಲೆಯ ಮೇಲೆಯೇ ಬಂದು ಕೂಡುತ್ತದೆ. ಅದಕ್ಕೆ ಸಕ್ಕರೆ, ಇನ್ವರ್ಟ್ ಸಿರಪ್, ಗ್ಲೂಕೋಸ್ ಪಾಕ ಎಂದು ಹಂಚಿ ಬರೆದರೆ ಪ್ರತಿಯೊಂದೂ ಕೆಳಗಿಳಿಯುತ್ತದೆ. ಒಂದೇ ಕುಟುಂಬದವರು ಬೇರೆ ಬೇರೆ ಅರ್ಜಿ ಹಾಕಿ ಸರಕಾರಿ ನಿವೇಶನ ಪಡೆಯುವ ಹಾಗೆ.

ನನ್ನ ಮನೆಯವಳು ರಾಗಿಯ ಬಿಸ್ಕೀಟೆಂದು ಒಂದು ಪೊಟ್ಟಣ ತಂದಿದ್ದಳು. ಮುಂಭಾಗದಲ್ಲಿ ರಾಗಿಯ ತೆನೆಯ ಚೆಂದದ ಚಿತ್ರ. ಹೀಗೆ ಒಂದು ಪದಾರ್ಥವನ್ನು ಎತ್ತಿ ತೋರಿಸಿದಾಗ ಅದರ ಪ್ರಮಾಣವನ್ನು ಹಿಂದೆ ಬರೆಯಬೇಕೆಂಬ ವಿಧಿಯೂ ಇದೆ. ತಿರುವಿ ನೋಡಿದರೆ ರಾಗಿ ನೂರಕ್ಕೆ ಹತ್ತನ್ನೂ ಮುಟ್ಟಿರಲಿಲ್ಲ. ಮದುವೆಯ ಕರೆಯೋಲೆಯಲ್ಲಿ ಹೆಸರು ಹಾಕಿಸಿಕೊಂಡು ಊಟದ ಹೊತ್ತಿಗೆ ಮಾತ್ರ ಬರುವ ದೊಡ್ಡವರ ಹಾಗೆ ಎನ್ನೋಣವೆ?

ಇನ್ನು ಲೆಕ್ಕಕ್ಕೆ ಬರೋಣ. ಪೊಟ್ಟಣದ ಪ್ರಕಾರ ನೂರು ಗ್ರಾಂ ಬಿಸ್ಕೀಟಿನಲ್ಲಿ ಸಕ್ಕರೆ 24 ಗ್ರಾಂ. ನನ್ನ ದಿನದ ಎಂಟು ಬಿಸ್ಕೀಟುಗಳು ತೂಗಿದರೆ ಐವತ್ತು ಗ್ರಾಂ. ಸಕ್ಕರೆ 12 ಗ್ರಾಂ ಆಯಿತು. ಕಳ್ಳ ಸಿಕ್ಕನೆಂದು ಸಂತೋಷಪಟ್ಟೆ. ಆದರೆ ಗುಮಾಸ್ತನ ಕೈ ಲೆಕ್ಕವನ್ನು ಅರ್ಧಕ್ಕೆ ಬಿಡಲಾರದು. ದಿನಕ್ಕೆ ನಾಲ್ಕು ಚಹಾ, ಒಂದೊಂದಕ್ಕೆ ಎರಡು ಚಮಚೆ, ಚಮಚೆಗೆ ನಾಲ್ಕು ಗ್ರಾಂ: ಒಟ್ಟು 32 ಗ್ರಾಂ! ಕಂಪನಿ ಹಾಕಿದ್ದು 12, ಕೈಯಾರೆ ನಾನೇ ಹಾಕಿಸಿಕೊಂಡದ್ದು 32. ಪ್ರಪಂಚ ಆರೋಗ್ಯ ಸಂಸ್ಥೆಯವರು ಹೇಳುವಂತೆ ದಿನಕ್ಕೆ 2000 ಕ್ಯಾಲರಿ ತಿನ್ನುವವನಿಗೆ ಮೇಲಿನಿಂದ ಬೆರೆಸಿದ ಸಕ್ಕರೆಯ ಗರಿಷ್ಠ ಮಿತಿ 50 ಗ್ರಾಂ. ಅರ್ಧಕ್ಕೆ, ಎಂದರೆ 25ಕ್ಕೆ ನಿಂತರೆ ಇನ್ನೂ ಒಳ್ಳೆಯದು. ನಾನು ಜ್ಯಾಮಿಗೂ ಟೋಸ್ಟಿಗೂ ಲೆಕ್ಕ ಹಿಡಿಯುವ ಮೊದಲೇ 44ಕ್ಕೆ ಬಂದು ನಿಂತಿದ್ದೆ. ರವಿವಾರ ಮಗಳ ಜೊತೆ ಕುಡಿಯುವ ಒಂದು ಸಣ್ಣ ಬಾಟಲಿ ತಂಪು ಪಾನೀಯದಲ್ಲಿ ಇಪ್ಪತ್ತೈದು ಗ್ರಾಂನ ಮೇಲೆ ಇರುತ್ತದೆ. ಅದನ್ನು ಕೂಡಿಸಿದರೆ ಆ ದಿನ ಬಜೆಟ್ಟು ಖೋತಾ.

ಹಾಗಾದರೆ ಪೊಟ್ಟಣದ ತಿಂಡಿಯ ಮೇಲಿನ ದೂರು ಸುಳ್ಳೆ? ಸುಳ್ಳಲ್ಲ. ಇಲ್ಲಿ ಒಂದು ಪ್ರಯೋಗದ ಸಂಗತಿ ಹೇಳಲೇಬೇಕು, ಏಕೆಂದರೆ ನನ್ನ ತಲೆ ತಿರುಗಿಸಿದ್ದು ಅದೇ. ಅಮೇರಿಕೆಯ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಆಸ್ಪತ್ರೆಯಲ್ಲಿ ಕೆವಿನ್ ಹಾಲ್ ಎಂಬವರು ಮತ್ತು ಅವರ ಸಂಗಡಿಗರು ಇಪ್ಪತ್ತು ಜನರನ್ನು ನಾಲ್ಕು ವಾರ ಇರಿಸಿಕೊಂಡು ಊಟ ಹಾಕಿದರು. ಎರಡು ವಾರ ಕಾರಖಾನೆಯ ಸಿದ್ಧ ತಿನಿಸು, ಎರಡು ವಾರ ಸಾದಾ ಪದಾರ್ಥಗಳಿಂದ ಮಾಡಿದ ಅಡಿಗೆ. ಎದುರಿಗೆ ಇಟ್ಟ ಆಹಾರದಲ್ಲಿ ಕ್ಯಾಲರಿ, ಸಕ್ಕರೆ, ಕೊಬ್ಬು, ಉಪ್ಪು, ನಾರು ಎಲ್ಲವೂ ಎರಡೂ ಕಡೆ ಸಮನಾಗಿರುವಂತೆ ನೋಡಿಕೊಂಡಿದ್ದರು. ಎಷ್ಟು ಬೇಕೋ ಅಷ್ಟು ತಿನ್ನಿ ಎಂದು ಬಿಟ್ಟರು. 2019ರಲ್ಲಿ ಪ್ರಕಟವಾದ ಫಲ ಹೀಗಿತ್ತು: ಸಿದ್ಧ ತಿನಿಸಿನ ವಾರಗಳಲ್ಲಿ ಅವರು ತಮಗರಿವಿಲ್ಲದೆ ದಿನಕ್ಕೆ ಸುಮಾರು 500 ಕ್ಯಾಲರಿ ಹೆಚ್ಚು ತಿಂದರು, ಎರಡು ವಾರದಲ್ಲಿ ಒಂದು ಕಿಲೋಗೆ ತುಸು ಕಡಿಮೆ ತೂಕ ಏರಿತು, ಸಾದಾ ಅಡಿಗೆಯ ವಾರಗಳಲ್ಲಿ ಅಷ್ಟೇ ಇಳಿಯಿತು. ಸಿದ್ಧ ತಿನಿಸನ್ನು ಅವರು ಬೇಗ ಬೇಗ ತಿಂದು ಮುಗಿಸುತ್ತಿದ್ದರಂತೆ. ಮೆತ್ತಗಿರುತ್ತದೆ, ಬಾಯಿಗೆ ಕೆಲಸವಿಲ್ಲ. 'ಸಾಕು' ಎಂದು ಹೊಟ್ಟೆ ಸುದ್ದಿ ಕಳುಹಿಸುವುದರೊಳಗೆ ಪೊಟ್ಟಣ ಬರಿದು. ಅವರ ಪ್ರಯೋಗವನ್ನು ನಾನು ನಮ್ಮ ಕಚೇರಿಯಲ್ಲಿ ದಿನಾ ಎರಡು ಸಲ ನಡೆಸುತ್ತಿದ್ದೆನಲ್ಲ! ಬಿಸ್ಕೀಟು ನಾಲ್ಕಾದರೂ ಹಸಿವು ಹೋಗುವುದಿಲ್ಲ. ನಾಲ್ಕು ತುತ್ತು ಅವಲಕ್ಕಿ ತಿಂದರೆ ಹೋಗುತ್ತದೆ.

ಈ ಹೊತ್ತಿಗೆ ನಮ್ಮ ಅವ್ವ ಧಾರವಾಡ ಜಿಲ್ಲೆಯ ನಮ್ಮೂರಿನಿಂದ ಬಂದಿಳಿದಳು. ಬಂದ ಮರುದಿನವೇ ಸಂಜೆ ಎಂಟು ವರ್ಷದ ಮಗಳ ಬಟ್ಟಲಲ್ಲಿ ನೂಡಲ್ಸು ಕಂಡಿತು.

"ಏನೋ ತಮ್ಮಾ, ಕೂಸಿಗೆ ಇದೇನ ತಿನ್ನಸ್ತೀರೋ? ಹುಳಾ ಕಂಡಂಗ ಕಾಣತದ."

"ಎರಡು ಮಿನಿಟಿನ್ಯಾಗ ಆಗತದ ಅವ್ವಾ."

"ಎರಡ ಮಿನಿಟಿನ್ಯಾಗ ಆಗೂದು ಎರಡ ಮಿನಿಟ ಇರತದ. ನೀ ಸಣ್ಣಾಂವ ಇದ್ದಾಗ ರೊಟ್ಟಿ ತಿಂದು ಬೆಳದೀ. ಈಗ ನಿನಗ ರೊಟ್ಟಿ ಮಾಡಿಕೊಡವರು ಯಾರೂ ಇಲ್ಲೇನು?"

ಆ ಕೊನೆಯ ಮಾತು ನನಗೆ ಹೇಳಿದ್ದಾದರೂ ಅಡಿಗೆಮನೆಗೆ ಕೇಳಲೆಂದೇ ಹೇಳಿದ್ದು. ನನ್ನ ಮನೆಯವಳು ಒಂದು ಖಾಸಗಿ ಶಾಲೆಯಲ್ಲಿ ಉಪಾಧ್ಯಾಯಿನಿ. ಠಾಣೆಗೆ ಹೋಗಬೇಕು, ನನ್ನ ಗಾಡಿಯಲ್ಲೇ ಹೊರಡುತ್ತಾಳೆ. ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ಶಾಂತವಾಗಿಯೇ ಹೇಳಿದಳು: "ಅತ್ತಿಯವರ, ರೊಟ್ಟಿ ಬಡೀಲಿಕ್ಕೆ ನಾ ಒಲ್ಲೆ ಅನ್ನೂದಿಲ್ಲ. ಏಳೂ ಮೂವತ್ತೆರಡರ ಗಾಡಿಗೆ ಮಾತ್ರ ನೀವ ಹೇಳ್ರಿ, ಐದ ಮಿನಿಟ ನಿಂದರು ಅಂತ."

ಅವ್ವ ಸುಮ್ಮನಾದಳು. ನಾನೂ ಸುಮ್ಮನಾದೆ, ಆದರೆ ನನ್ನ ಮೌನಕ್ಕೆ ಬೇರೆ ಕಾರಣವಿತ್ತು. ಇಬ್ಬರೂ ಒಂದೇ ಗಾಡಿ ಹಿಡಿಯುವ ಮನೆಯಲ್ಲಿ ಅಡಿಗೆಮನೆಯ ಪ್ರಶ್ನೆಯನ್ನು ಒಬ್ಬಳಿಗೇ ಕೇಳುವುದೇಕೆ? ಆರೋಗ್ಯದ ಬಗೆಗೆ ಪುರುಷರು ಬರೆಯುವ ಲೇಖನಗಳೆಲ್ಲ 'ಇಂದಿನ ಗೃಹಿಣಿಯರು' ಎಂದು ಶುರುವಾಗುವುದನ್ನು ನಾನು ಕಂಡಿದ್ದೇನೆ. ಬೆಳಿಗ್ಗೆ ಆರರಿಂದ ಏಳರವರೆಗೆ ಆ ಲೇಖಕರು ಏನು ಮಾಡುತ್ತಿರುತ್ತಾರೆಂದು ಕೇಳಬೇಕೆನಿಸುತ್ತದೆ. ನಾನಂತೂ ಪತ್ರಿಕೆ ಓದುತ್ತಿದ್ದೆ.

ನೂಡಲ್ಸಿನ ಪೊಟ್ಟಣವನ್ನೂ ತಿರುವಿ ನೋಡಿದೆ. ಅಲ್ಲಿಯ ಅಪರಾಧಿ ಸಕ್ಕರೆಯಲ್ಲ, ಉಪ್ಪು. ಆದರೆ ಉಪ್ಪೆಂದು ಬರೆದಿರುವುದಿಲ್ಲ, ಸೋಡಿಯಂ ಎಂದಿರುತ್ತದೆ. ಆ ಅಂಕಿಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ತೂಕ ಸಿಗುತ್ತದೆ. ನೂರು ಗ್ರಾಂಗೆ 1100 ಮಿಲಿಗ್ರಾಂ ಸೋಡಿಯಂ ಎಂದರೆ ಎರಡೂ ಮುಕ್ಕಾಲು ಗ್ರಾಂ ಉಪ್ಪು. 70 ಗ್ರಾಂನ ಒಂದು ಪೊಟ್ಟಣಕ್ಕೆ ಹೆಚ್ಚುಕಡಿಮೆ ಎರಡು ಗ್ರಾಂ. ದೊಡ್ಡವರಿಗೇ ದಿನಕ್ಕೆ ಐದು ಗ್ರಾಂನ ಒಳಗಿರಬೇಕೆಂದು ಪ್ರಪಂಚ ಆರೋಗ್ಯ ಸಂಸ್ಥೆಯ ಸಲಹೆ. ಮಕ್ಕಳಿಗೆ ಅದಕ್ಕಿಂತ ಕಡಿಮೆ. ಮಗಳು ಸಂಜೆಯ ಒಂದೇ ಬಟ್ಟಲಲ್ಲಿ ಎಷ್ಟು ಮುಗಿಸುತ್ತಿದ್ದಳೆಂದು ನೀವೇ ಎಣಿಸಿರಿ.

ಆದರೆ ಅವ್ವನ ಚೀಲದಿಂದ ಹೊರಬಿದ್ದ ಹಪ್ಪಳ, ಸಂಡಿಗೆ, ಮಾವಿನ ಉಪ್ಪಿನಕಾಯಿಯ ಭರಣಿ, ಇವುಗಳಲ್ಲಿ ಉಪ್ಪು ಕಡಿಮೆಯೇ? ಬೆನ್ನ ಮೇಲೆ ಬರಹವಿಲ್ಲವೆಂಬುದೊಂದೇ ವ್ಯತ್ಯಾಸ. ಆಹಾರವನ್ನು ಸಂಸ್ಕರಿಸುವುದು ಪಾಪವಾಗಿದ್ದರೆ ನಮ್ಮ ಅಜ್ಜಿಯರೆಲ್ಲ ಪಾಪಿಗಳೇ. ಅವಲಕ್ಕಿ ಕುಟ್ಟುವುದು, ಚುರಮುರಿ ಹುರಿಯುವುದು, ಹಾಲು ಹೆಪ್ಪು ಹಾಕುವುದು ಎಲ್ಲವೂ ಸಂಸ್ಕರಣವೇ. ಪಾಶ್ಚರೀಕರಿಸಿದ ಹಾಲಿನ ಚೀಲ ದಿನಾ ನಸುಕಿನಲ್ಲಿ ಬಾಗಿಲಿಗೆ ಬರದಿದ್ದರೆ ಈ ಮುಂಬಯಿ ಏಳುವುದೇ ಇಲ್ಲ. ಬ್ರೆಜಿಲ್ ದೇಶದ ಕಾರ್ಲೋಸ್ ಮೊಂಟೆರೊ ಎಂಬ ವಿದ್ವಾಂಸರು 2009ರಿಂದೀಚೆಗೆ ಬೇರೊಂದು ಗೆರೆ ಎಳೆದು ತೋರಿಸಿದ್ದಾರೆ: ಧಾನ್ಯವನ್ನು ಕುಟ್ಟಿ ಬೀಸಿ ಹುದುಗಿಸಿದ್ದು ಒಂದು ಬಗೆ; ಧಾನ್ಯದಿಂದ ಪಿಷ್ಟ, ಎಣ್ಣೆ, ಸಕ್ಕರೆಗಳನ್ನು ಬೇರೆ ಬೇರೆ ತೆಗೆದು, ಬಣ್ಣ ಪರಿಮಳ ಕೂಡಿಸಿ, ಯಾವ ಮನೆಯ ಅಡಿಗೆಮನೆಯಲ್ಲೂ ಇಲ್ಲದ ಸಾಮಗ್ರಿಯಿಂದ ಹೊಸದೊಂದನ್ನು ಕಟ್ಟಿದ್ದು ಇನ್ನೊಂದು ಬಗೆ. ಎಚ್ಚರವಿರಬೇಕಾದದ್ದು ಆ ಎರಡನೆಯದರಲ್ಲಿ. ಗೆರೆ ಎಲ್ಲ ಕಡೆ ನೇರವಾಗಿಲ್ಲವೆಂದು ವಾದಿಸುವ ಪಂಡಿತರಿದ್ದಾರೆ. ಅಂಗಡಿಯ ಕಪಾಟಿನ ಎದುರು ನಿಂತ ನನ್ನಂಥವನಿಗೆ ಅಷ್ಟು ಗೆರೆ ಸಾಕು.

ಹೊಸದೆಲ್ಲ ವಿಷ, ಹಳೆಯದೆಲ್ಲ ಅಮೃತ ಎನ್ನುವವರು ವನಸ್ಪತಿಯನ್ನು ಮರೆತಿರುತ್ತಾರೆ. 1937ರಲ್ಲಿ ಡಾಲ್ಡಾ ಬಂದ ಮೇಲೆ ನಮ್ಮ ಹಿಂದಿನ ಎರಡು ತಲೆಮಾರು ಮದುವೆಯ ಬೂಂದಿ ಕರಿದದ್ದು ಅದರಲ್ಲಿಯೇ. ಆ ಹಳದಿ ಡಬ್ಬಿಯಲ್ಲಿ ತುಳಸಿ ನೆಡದ ಮನೆ ಯಾವುದಿತ್ತು? ಎಣ್ಣೆಗೆ ಜಲಜನಕ ಕೂಡಿಸಿ ಗಟ್ಟಿ ಮಾಡುವಾಗ ಹುಟ್ಟುವ 'ಟ್ರಾನ್ಸ್' ಕೊಬ್ಬು ಹೃದಯಕ್ಕೆ ಕೇಡೆಂದು ಖಚಿತವಾಗಲು ಬಹಳ ಕಾಲ ಹಿಡಿಯಿತು. ನಮ್ಮ ದೇಶದಲ್ಲಿ ಎಣ್ಣೆ, ವನಸ್ಪತಿಗಳಲ್ಲಿ ಅದು ನೂರಕ್ಕೆ ಎರಡನ್ನು ಮೀರಬಾರದೆಂಬ ಮಿತಿ ಜಾರಿಗೆ ಬಂದದ್ದು 2022ರಲ್ಲಿ. ಹಾಗಾಗಿ ಈ ಒಂದು ವಿಷಯದಲ್ಲಿ ನನ್ನ ಮಗಳ ಕಾಲ ನನ್ನ ಬಾಲ್ಯಕ್ಕಿಂತ ಮೇಲು.

ಅವ್ವ ಮಾತ್ರ ತನ್ನ ಪಟ್ಟು ಬಿಡಲಿಲ್ಲ. ಜೋಳದ ರೊಟ್ಟಿ ತಿಂದವರಿಗೆ ಸಕ್ಕರೆ ರೋಗ ಬರುವುದಿಲ್ಲವೆಂಬುದು ಅವಳ ಸಿದ್ಧಾಂತ. ನನಗೂ ನಂಬಬೇಕೆಂದು ಬಹಳ ಆಸೆ. ಆದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಚೆನ್ನೈಯ ಸಂಶೋಧಕರು ದೇಶದ ಉದ್ದಗಲ ನಡೆಸಿದ ಸಮೀಕ್ಷೆಯ ಮಾತು ಅಷ್ಟು ಹಿತವಾಗಿಲ್ಲ. 2023ರಲ್ಲಿ ಬಂದ ವರದಿಯಂತೆ ದೇಶದಲ್ಲಿ ಸುಮಾರು 10 ಕೋಟಿ ಮಧುಮೇಹಿಗಳು. ನನ್ನಂತೆ ಹೊಸ್ತಿಲ ಮೇಲೆ ಕುಳಿತವರು ಸುಮಾರು 13.6 ಕೋಟಿ. ಪಟ್ಟಣಗಳಲ್ಲಿ ನೂರಕ್ಕೆ 16.4 ಜನ, ಹಳ್ಳಿಗಳಲ್ಲಿ 8.9. ಅದೇ ಸಮೀಕ್ಷೆಯ ಆಹಾರದ ಭಾಗ 2025ರಲ್ಲಿ ಪ್ರಕಟವಾಯಿತು. ನಾವು ತಿನ್ನುವ ಶಕ್ತಿಯಲ್ಲಿ ನೂರಕ್ಕೆ 62 ಪಾಲು ಬರಿಯ ಪಿಷ್ಟ ಸಕ್ಕರೆಗಳಿಂದ ಬರುತ್ತದಂತೆ. ಬಿಳಿ ಅಕ್ಕಿಯ ಬದಲು ಅಷ್ಟೇ ಪ್ರಮಾಣದಲ್ಲಿ ಗೋಧಿಯ ಅಥವಾ ಸಿರಿಧಾನ್ಯಗಳ ಹಿಟ್ಟಿಗೆ ಬದಲಾಯಿಸಿಕೊಂಡರೆ ಅಪಾಯ ಇಳಿದಂತೆ ಕಾಣಲಿಲ್ಲ. ಅದರ ಒಂದು ಪಾಲನ್ನು ಬೇಳೆಕಾಳು, ಹಾಲು ಮೊಸರುಗಳ ಪ್ರೋಟೀನಿಗೆ ಬಿಟ್ಟುಕೊಟ್ಟರೆ ಅಪಾಯ ಕಡಿಮೆ ಕಂಡಿತು. ಎಂದರೆ ಐದು ಚಪಾತಿಯ ಬದಲು ಐದು ರೊಟ್ಟಿ ಎಂಬುದು ಬಡ್ತಿಯಲ್ಲ, ಬರಿಯ ವರ್ಗಾವಣೆ. ಮೂರು ರೊಟ್ಟಿ, ಬಟ್ಟಲು ತುಂಬ ಕಾಳುಪಲ್ಯ, ಒಂದು ಲೋಟ ಮಜ್ಜಿಗೆ ಎಂದರೆ ಆಗ ಮಾತು ಬೇರೆ. ಇದನ್ನು ಅವ್ವನಿಗೆ ಓದಿ ಹೇಳಿದೆ. "ನಿಮ್ಮ ಅಜ್ಜ ಆರು ರೊಟ್ಟಿ ತಿಂತಿದ್ದರು" ಎಂದಳು. ನಿಜ. ಆರು ರೊಟ್ಟಿ ತಿಂದು ಅಜ್ಜ ಕುಂಟಿ ಹೊಡೆಯಲು ಹೋಗುತ್ತಿದ್ದರು. ಮೊಮ್ಮಗ ಡೊಂಬಿವಲಿಯಿಂದ ನಿಂತುಕೊಂಡು ಹೋಗಿ ಸಂಜೆಯವರೆಗೆ ಕುಳಿತುಕೊಂಡು ಇರುತ್ತಾನೆ. ನಿಲ್ಲುವುದು ವ್ಯಾಯಾಮವೇ ಎಂದು ಡಾಕ್ಟರರನ್ನು ಕೇಳಿದೆ; ಅವರು ನಕ್ಕರು.

ಈಗ ನಮ್ಮ ಮನೆಯಲ್ಲಿ ಏನು ಬದಲಾಗಿದೆ ಎಂದು ಕೇಳುವಿರಿ. ದೊಡ್ಡ ಕ್ರಾಂತಿ ಏನೂ ಆಗಿಲ್ಲ. ಚಹಾದ ಸಕ್ಕರೆ ಎರಡರಿಂದ ಒಂದಕ್ಕೆ, ಒಂದರಿಂದ ಅರ್ಧಕ್ಕೆ ಇಳಿದಿದೆ. ಮೊದಲ ಹತ್ತು ದಿನ ಚಹಾ ಕಷಾಯದಂತಿತ್ತು. ಈಗ ಬೇರೆಯವರ ಮನೆಯ ಚಹಾ ಪಾಯಸದಂತೆ ಕಾಣುತ್ತದೆ. ಬೆಳಿಗ್ಗೆ ಆರರಿಂದ ಏಳರ ಪತ್ರಿಕೆ ಓದುವಿಕೆ ಗಾಡಿಗೆ ವರ್ಗವಾಗಿದೆ. ರಾತ್ರಿ ಮಡಿಕೆಕಾಳು ಅಥವಾ ಹೆಸರುಕಾಳು ನೆನೆಹಾಕುವುದು ನನ್ನ ಪಾಲಿನ ಕೆಲಸ. ಮರುದಿನ ಅರಿವೆಯಲ್ಲಿ ಕಟ್ಟಿಟ್ಟರೆ ಮೂರನೆಯ ದಿನ ಬೆಳಿಗ್ಗೆ ಮೊಳಕೆ; ಒಗ್ಗರಣೆ ಹಾಕಲು ಹತ್ತು ನಿಮಿಷ. ಇಲ್ಲಿಯವರು ಇದೇ ಕಾಳನ್ನು ಮಟಕಿ ಎಂದು ಉಸಳಿ ಮಾಡುವುದರಿಂದ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ಕಚೇರಿಯ ಮೇಜಿನ ಖಾನೆಯಲ್ಲಿ ಬಿಸ್ಕೀಟಿನ ಜಾಗಕ್ಕೆ ಪುಠಾಣಿ ಮತ್ತು ಶೇಂಗಾದ ಒಂದು ಡಬ್ಬಿ ಬಂದಿದೆ. ಮಗಳ ನೂಡಲ್ಸು ನಿಂತಿಲ್ಲ. ವಾರಕ್ಕೆ ನಾಲ್ಕಿದ್ದದ್ದು ಒಂದಕ್ಕೆ ಇಳಿದಿದೆ, ಮಸಾಲೆಯ ಪುಡಿ ಅರ್ಧವೇ. ಪೂರ್ತಿ ನಿಲ್ಲಿಸಿದರೆ ಗೆಳತಿಯರ ಮನೆಯಲ್ಲಿ ತಿನ್ನುತ್ತಾಳೆ, ಅದು ನಮ್ಮ ಲೆಕ್ಕಕ್ಕೆ ಬರುವುದಿಲ್ಲ.

ಅವ್ವ ಕಟ್ಟಿಕೊಂಡು ಬಂದ ಖಡಕ್ ರೊಟ್ಟಿಯ ಗಂಟು ಮಾತ್ರ ನನ್ನ ಕಣ್ಣು ತೆರೆಸಿತು. ತೆಳ್ಳಗೆ ಬಡಿದು ಒಣಗಿಸಿದ ಜೋಳದ ರೊಟ್ಟಿ. ಜೋಪಾನವಾಗಿ ಇಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಒಲೆ ಹಚ್ಚಬೇಕಾಗಿಲ್ಲ, ಶೇಂಗಾ ಚಟ್ನಿ, ಮೊಸರು, ಮೊಳಕೆಕಾಳು ಇದ್ದರೆ ಎರಡು ನಿಮಿಷವೂ ಬೇಡ. ಎರಡು ನಿಮಿಷದ ತಿಂಡಿಯನ್ನು ನಮ್ಮ ಸೀಮೆಯ ಹೆಣ್ಣುಮಕ್ಕಳು ಎಷ್ಟೋ ಹಿಂದೆಯೇ ಕಂಡುಹಿಡಿದಿದ್ದರು. ಬುತ್ತಿ ಕಟ್ಟಿ ಹೊಲಕ್ಕೆ ಹೋಗುವವರೂ ನಮ್ಮ ಹಾಗೆ ಹೊತ್ತಿಲ್ಲದವರೇ ಅಲ್ಲವೆ? ಅಗಿಯದೆ ನುಂಗುವಂತಿಲ್ಲ, ಆದುದರಿಂದ ಎರಡನೆಯದಕ್ಕೆ ಕೈ ಹಾಕುವ ಮೊದಲು ಹೊಟ್ಟೆಗೆ ಒಂದು ಮಾತು ಹೇಳಲು ಅವಕಾಶ ಸಿಗುತ್ತದೆ. ಮುಂಬಯಿಯಲ್ಲಿ ಇದು ಸೊಲ್ಲಾಪುರದ ಕಡೆಯಿಂದ ಪೊಟ್ಟಣದಲ್ಲಿಯೂ ಬರುತ್ತದೆ. ಹೋದ ರವಿವಾರ ಒಂದನ್ನು ತಂದು ಅಭ್ಯಾಸಬಲದಿಂದ ತಿರುವಿ ನೋಡಿದೆ. ಜೋಳ, ನೀರು, ಉಪ್ಪು. ಮುಗಿಯಿತು. ಮಗಳು ಇಣುಕಿ "ಅಪ್ಪಾ, ಇದರ ಮ್ಯಾಲೆ ಬರಿಯೂದು ಅರ್ಧಕ್ಕ ಬಿಟ್ಟಾರ" ಎಂದಳು.

ಇನ್ನೊಂದು ವಿಷಯ ಉಳಿದಿದೆ, ಅದು ನಮ್ಮ ಸಂಘಕ್ಕೆ ಸಂಬಂಧಪಟ್ಟದ್ದು. ರಾಜ್ಯೋತ್ಸವದ ದಿನ ಎಲ್ಲರಿಗೂ ಹಂಚುವ ಉಪಾಹಾರದ ಪೆಟ್ಟಿಗೆಯಲ್ಲಿ ಏನಿರುತ್ತದೆಂದು ನಿಮಗೆಲ್ಲ ಗೊತ್ತು: ಒಂದು ಸಮೋಸ, ಒಂದು ಕೇಕು, ಆಲೂಗಡ್ಡೆಯ ಚಿಪ್ಸಿನ ಪೊಟ್ಟಣ, ಮಕ್ಕಳಿಗೆ ಬಣ್ಣದ ಪಾನೀಯ. ಕನ್ನಡದ ಹಬ್ಬವೆಂಬುದಕ್ಕೆ ಅದರಲ್ಲಿರುವ ಕುರುಹು ಪೆಟ್ಟಿಗೆಗೆ ಕಟ್ಟಿದ ಹಳದಿ ಕೆಂಪು ದಾರ ಮಾತ್ರ. ಈ ಸಲ ಹೆಸರುಬೇಳೆಯ ಕೋಸಂಬರಿ, ಹಚ್ಚಿದ ಅವಲಕ್ಕಿ, ಒಂದು ಬಾಳೆಹಣ್ಣು, ಮಸಾಲೆ ಮಜ್ಜಿಗೆ ಕೊಡೋಣವೆಂದು ಕಾರ್ಯಕಾರಿ ಸಮಿತಿಗೆ ನಾನು ಲಿಖಿತ ಸೂಚನೆ ಕೊಟ್ಟಿದ್ದೇನೆ. ಕೋಸಂಬರಿ ನಾಲ್ಕು ಗಂಟೆಯ ಮೇಲೆ ನೀರೊಡೆಯುತ್ತದೆ, ಭಾಷಣಗಳು ಐದು ಗಂಟೆ ನಡೆಯುತ್ತವೆ ಎಂದು ಖಜಾಂಚಿಗಳ ಆಕ್ಷೇಪಣೆ. ಹಾಗಾದರೆ ಭಾಷಣಗಳನ್ನು ಒಂದೂವರೆ ಗಂಟೆಗೆ ಇಳಿಸೋಣವೆಂದು ನಾನು ತಿದ್ದುಪಡಿ ಸೂಚಿಸಿದ್ದೇನೆ. ಅಧ್ಯಕ್ಷರು ಎರಡನ್ನೂ ಮುಂದಿನ ಸಭೆಗೆ ಮುಂದೂಡಿದ್ದಾರೆ. ಸಭೆ ಬರುವ ತಿಂಗಳ ಎರಡನೆಯ ರವಿವಾರ ಸಂಜೆ ಐದಕ್ಕೆ. ಸದಸ್ಯರೆಲ್ಲ ಬರಬೇಕು, ಅಕ್ಕತಂಗಿಯರು ತಪ್ಪದೆ ಬರಬೇಕು. ನನ್ನ ಎರಡನೆಯ ರಕ್ತಪರೀಕ್ಷೆಯೂ ಅದೇ ವಾರ ಇದೆ. ಎರಡರ ಫಲವನ್ನೂ ಮುಂದಿನ ಸಂಚಿಕೆಯಲ್ಲಿ ತಿಳಿಸುತ್ತೇನೆ. ನಾಟಕ ವಿಭಾಗದವರು ಅಲ್ಲಿಯವರೆಗೆ ಕ್ಷಮಿಸಬೇಕು.